ಒಂದು ಕ್ರಿಯಾಪದಕ್ಕೆ ಏಳು ವರ್ಷ

ಥರ್ಜಾ ಪಿಕರಿಂಗಳ ಮನೆಗೆ ಯಾರಾದರೂ ಚಹಾಕ್ಕೆ ಬಂದರೆ ಕೂರಲು ಕುರ್ಚಿ ಸಿಗುತ್ತಿರಲಿಲ್ಲ. ಕುರ್ಚಿಯ ಮೇಲೆ ಚೀಟಿ, ಕಿಟಕಿಕಟ್ಟೆಯ ಮೇಲೆ ಚೀಟಿ, ಮೆಟ್ಟಿಲಿನ ಒಂದೊಂದು ಹಂತದ ಮೇಲೂ ದಾರ ಸುತ್ತಿಟ್ಟ ಚೀಟಿಯ ಕಂತೆ. ಎಣಿಸಿದರೆ ಹದಿನಾಲ್ಕು ಸಾವಿರಕ್ಕೆ ಕಡಿಮೆಯಿಲ್ಲ. ಅಷ್ಟೂ ಒಂದೇ ಒಂದು ಇಂಗ್ಲಿಷ್ ಕ್ರಿಯಾಪದದ್ದು: ಹೋಲ್ಡ್. ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಪದ. ಅದರ ಒಳಗೆ ಇಷ್ಟೊಂದು ಏನಿದೆ ಎಂದು ಕೇಳಿದ ಊರವರಿಗೆ ಅವಳು ಮೊದಮೊದಲು ವಿವರಿಸುತ್ತಿದ್ದಳು, ಆಮೇಲೆ ಸುಮ್ಮನೆ ನಗತೊಡಗಿದಳು.

ದಕ್ಷಿಣದ ಒಂದು ವಿದ್ಯಾವಂತರ ಊರಿನಲ್ಲಿ ಡಾಕ್ಟರ್ ವೀಚ್ ಎಂಬವರು ದೊಡ್ಡ ನಿಘಂಟು ಕಟ್ಟುತ್ತಿದ್ದರು. ಭಾಷೆಯ ಪ್ರತಿ ಪದ, ಪ್ರತಿ ಪದದ ಪ್ರತಿ ಅರ್ಥ, ಪ್ರತಿ ಅರ್ಥಕ್ಕೂ ಅಚ್ಚಾದ ಪುಸ್ತಕದಿಂದ ಎತ್ತಿದ ವಾಕ್ಯ. ದೇಶದ ತುಂಬ ಜನ ಪುಸ್ತಕ ಓದಿ, ವಾಕ್ಯ ನಕಲು ಮಾಡಿ, ವರ್ಷ ಪುಟ ನಮೂದಿಸಿ ಚೀಟಿ ಕಳಿಸುತ್ತಿದ್ದರು. ಬಂದು ಬಿದ್ದ ಚೀಟಿಗಳನ್ನು ಅರ್ಥಕ್ಕೊಂದು ಕಂತೆಯಾಗಿ ವಿಂಗಡಿಸಿ, ಒಂದೊಂದಕ್ಕೂ ವಿವರಣೆ ಬರೆಯುವ ಕೆಲಸವನ್ನು ಡಾಕ್ಟರು ನಂಬಿಕಸ್ಥರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಆ ನಂಬಿಕಸ್ಥರು ಬಹುಪಾಲು ನಿವೃತ್ತ ಪಾದ್ರಿಗಳು, ಕರ್ನಲ್‌ಗಳು, ಊಟವಾದ ಮೇಲೆ ಹೊತ್ತು ಹೋಗದ ಗಂಡಸರು. ಅವರ ಸಾಲಿನಲ್ಲಿ ಸ್ಕಾರ್‌ವಿಕ್ ಎಂಬ ಮೀನುಗಾರರ ಹಳ್ಳಿಯ ಶಿಶುಶಾಲೆಯ ಮಾಸ್ತರಿಣಿಯೊಬ್ಬಳ ಹೆಸರು ಸೇರಿದ್ದು ಅವಳ ಅಕ್ಷರದಿಂದ. ಎಂಟು ವರ್ಷ ಅವಳು ಕಳಿಸಿದ ಚೀಟಿಗಳಲ್ಲಿ ಒಂದು ತಪ್ಪೂ ಸಿಕ್ಕಿರಲಿಲ್ಲ. ಹಾಗಾಗಿ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಅವಳಿಗೆ ಹೋಲ್ಡ್ ಬಂತು, ರೈಲ್ವೆ ನಿಲ್ದಾಣದಿಂದ ಕತ್ತೆಗಾಡಿಯಲ್ಲಿ, ಮೂರು ಗೋಣಿಚೀಲ. ಸಂಬಳವಿಲ್ಲ. ಆ ಭಾಗ ಅಚ್ಚಾದಾಗ ಒಂದು ಪ್ರತಿ ಮತ್ತು ಮುನ್ನುಡಿಯಲ್ಲಿ ಒಂದು ಸಾಲು ಕೃತಜ್ಞತೆ, ಅಷ್ಟೇ. ಆ ಒಂದು ಸಾಲಿಗೆ ಅವಳು ಏಳು ವರ್ಷ ಜೀವ ತೇದಳು. ಮೂರ್ಖತನ ಅನ್ನುವವರು ಅನ್ನಲಿ. ಆ ಊರಿನ ಹೆಂಗಸರ ಹೆಸರು ಅಲ್ಲಿಯವರೆಗೆ ಅಚ್ಚಾಗುತ್ತಿದ್ದದ್ದು ಗೋರಿಕಲ್ಲಿನ ಮೇಲೆ ಮಾತ್ರ, ಅದೂ ಇಂಥವರ ಹೆಂಡತಿ ಎಂದು.

ಪದವೋ, ಕೈಗೆ ಸಿಕ್ಕದ ಹಾವುಮೀನು. ಹೂಜಿ ಎರಡು ಸೇರು ಹಿಡಿದರೂ ಹೋಲ್ಡ್, ಲಂಗರು ನೆಲ ಕಚ್ಚಿದರೂ ಹೋಲ್ಡ್. ಬಿಸಿಲು ಹೀಗೇ ನಾಲ್ಕು ದಿನ ನಿಂತರೆ ಅದೂ, ಸಭೆ ನಡೆಸಿದರೆ ಅದೂ, ಜಮೀನು ಅನುಭವಿಸಿದರೆ ಅದೂ, ಕೊಟ್ಟ ಮಾತಿಗೆ ಒಬ್ಬನನ್ನು ಕಟ್ಟಿಹಾಕಿದರೆ ಅದೂ. ವಾದದಲ್ಲಿ ಹುರುಳಿದ್ದರೆ ಅದು ನೀರು ಹಿಡಿಯುತ್ತದೆ ಎನ್ನುವ ಜನ ಇಂಗ್ಲಿಷರು. ಥರ್ಜಾ ಶಾಲೆ ಬಿಟ್ಟು ಬಂದವಳು ಹ್ಯಾಟು ಕಳಚುವ ಮೊದಲೇ ನೆಲದ ಮೇಲೆ ಮೊಣಕಾಲೂರಿ ಕಂತೆಗಳನ್ನು ಹರಡುತ್ತಿದ್ದಳು. ಉಸಿರು ಬಿಗಿಹಿಡಿಯುವುದು, ನಾಲಿಗೆ ಬಿಗಿಹಿಡಿಯುವುದು ಎರಡೂ ಒಂದೇ ಕಂತೆಗೆ ಸೇರಬೇಕೋ ಬೇರೆಯೋ ಎಂದು ಮೂರು ವಾರ ತಲೆ ಕೆಡಿಸಿಕೊಂಡಳು.

ಅದನ್ನು ಬಗೆಹರಿಸಿದವಳು ಅವಳ ತಾಯಿ ಡಾರ್ಕಸ್. ಬೆಳಗಿನಿಂದ ಸಂಜೆವರೆಗೆ ಒಲೆಯ ಪಕ್ಕ ಕೂತು ನೆರೆಯವರ ಗಾಳಗಳಿಗೆ ಚಿಪ್ಪಿನ ಮಾಂಸ ಸಿಕ್ಕಿಸುವುದು ಅವಳ ಕಸುಬು. ಕಂತೆ ದಾಟಲು ಲಂಗ ಎತ್ತಿ ಹಿಡಿದು, ಬೈದುಕೊಂಡೇ ಓಡಾಡುತ್ತಿದ್ದಳು.

"ಉಸಿರು ಹಿಡಿದ್ರೆ ಸಾಯ್ತೀಯ, ನಾಲಿಗೆ ಹಿಡಿದ್ರೆ ಬದುಕ್ತೀಯ. ಎರಡನ್ನೂ ಒಂದೇ ಗಂಟಲ್ಲಿ ಹೆಂಗೆ ಕಟ್ತೀಯೇ?" ಎಂದಳು. ಥರ್ಜಾ ಕಂತೆ ಒಡೆದು ಎರಡು ಮಾಡಿದಳು.

ಕೆಲಸಕ್ಕೆ ನಾಲ್ಕು ವರ್ಷವಾದಾಗ ಒಂದು ಭಾನುವಾರ ಡಾರ್ಕಸ್ ಮೆಟ್ಟಿಲ ಬುಡದಲ್ಲಿ ನಿಂತು ಕಂತೆಗಳನ್ನು ಮೇಲಿಂದ ಕೆಳಗೆ ನೋಡಿದಳು. ಇದೇನು, ಅದೇನು ಎಂದು ಒಂದೊಂದಾಗಿ ಕೇಳಿದಳು. ಥರ್ಜಾ ಹೇಳುತ್ತ ಹೋದಳು. ಎಲ್ಲ ಮುಗಿದ ಮೇಲೆ ತಾಯಿ ಕೇಳಿದಳು: "ಮತ್ತೆ ನಂದೆಲ್ಲಿ?"

ಅವಳದು ಯಾವುದೆಂದು ಸ್ಕಾರ್‌ವಿಕ್‌ನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಕಡಲಿಗೆ ಹೋದವನ ಹೆಣ ದಡಕ್ಕೆ ಬರದಿದ್ದರೆ ಆ ಊರಿನಲ್ಲಿ ಅವನು ಸತ್ತವನಲ್ಲ. ಹೆಂಡತಿ ಕಪ್ಪು ಉಡುವುದಿಲ್ಲ, ಚರ್ಚಿನ ಗಂಟೆ ಹೊಡೆಯುವುದಿಲ್ಲ. ದೋಣಿಮನೆಯ ಗೋಡೆಯಲ್ಲಿ ಅವನ ಗೂಟಕ್ಕೆ ಅವನ ಎಣ್ಣೆಬಟ್ಟೆಯ ಕೋಟು ತೂಗುಹಾಕಿ, ಬಿರುಕು ಬಿಡದಂತೆ ವರ್ಷಕ್ಕೆರಡು ಸಲ ಅಗಸೆ ಎಣ್ಣೆ ತಿಕ್ಕುತ್ತಾಳೆ. ಆ ಗೂಟವನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ಅವಳು ಅವನನ್ನು ಹಿಡಿದಿದ್ದಾಳೆ ಎನ್ನುತ್ತಾರೆ, ಅದೇ ಪದ, ಹೋಲ್ಡ್. ಅವನು ಬರುತ್ತಾನೆಂಬ ಹುಚ್ಚು ನಂಬಿಕೆ ಅವಳಿಗಿಲ್ಲ, ಹೋದನೆಂದು ಒಪ್ಪಿಕೊಂಡೂ ಇಲ್ಲ. ಸಾಕೆನಿಸಿದ ದಿನ ತಾನೇ ಹೋಗಿ ಕೋಟು ಇಳಿಸುತ್ತಾಳೆ, ಆಗ ಗಂಟೆ ಹೊಡೆಯುತ್ತದೆ. ಹೆಚ್ಚಿನವರು ಎರಡು ಮೂರು ವರ್ಷಕ್ಕೆ ಇಳಿಸುತ್ತಿದ್ದರು. ಇಳಿಸದೆ ಸತ್ತವಳಿಗೆ ಆ ಕೋಟನ್ನು ಶವಪೆಟ್ಟಿಗೆಯಲ್ಲೇ ಹೊದಿಸಿ ಹೂಳುತ್ತಿದ್ದರು. ಥರ್ಜಾಳಿಗೆ ಐದು ವರ್ಷವಿದ್ದಾಗ ಅವಳಪ್ಪ ಹೋಗಿದ್ದು. ಡಾರ್ಕಸ್ ಅಂದಿನಿಂದ ಹಿಡಿದೇ ಇದ್ದಳು, ಇಬ್ಬರು ಗಂಡಸರು ಕೇಳಿ ಬಂದರೂ.

ಹದಿನಾಲ್ಕು ಸಾವಿರ ಚೀಟಿಯಲ್ಲಿ ಆ ಅರ್ಥಕ್ಕೆ ಒಂದೂ ಇರಲಿಲ್ಲ. ಥರ್ಜಾಳಿಗೆ ಅದು ಅಷ್ಟು ದಿನ ಹೊಳೆಯದೇ ಇದ್ದದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ರಾಜರು ಕೋಟೆ ಹಿಡಿದಿದ್ದಕ್ಕೆ ನಾನೂರು ಚೀಟಿ, ಅವಳನ್ನು ಹೆತ್ತವಳಿಗೆ ಸೊನ್ನೆ. ಮರುದಿನವೇ ಡಾಕ್ಟರ್ ವೀಚರಿಗೆ ಬರೆದಳು. ಅವರ ಉತ್ತರ ಸೌಜನ್ಯದ್ದೇ. ಬಹಳ ಸ್ವಾರಸ್ಯಕರ ಬಳಕೆ, ಆದರೆ ಕಿವಿಯಿಂದ ಕೇಳಿದ್ದು ನಮಗೆ ಸಾಕ್ಷ್ಯವಲ್ಲ. ಅಚ್ಚಾದ ಯಾವುದಾದರೂ ಬರಹದಲ್ಲಿ, ಅದು ಎಷ್ಟೇ ಸಣ್ಣದಿರಲಿ, ತೋರಿಸಿದರೆ ಸಂತೋಷದಿಂದ ಸೇರಿಸುತ್ತೇವೆ ಎಂದಿದ್ದರು.

ಅವಳು ಹುಡುಕಿದಳು. ಮೂರು ವರ್ಷ ಹುಡುಕಿದಳು. ಬಂದರಿನ ವರದಿಗಳು, ಪಾದ್ರಿಗಳ ಉಪದೇಶಗಳು, ಹಡಗು ಒಡೆದ ಕಥೆಗಳು, ಊರಿಗೆ ಬಂದ ಪ್ರವಾಸಿಗಳ ದಿನಚರಿಗಳು. ಎಲ್ಲರೂ ಮೀನಿನ ವಾಸನೆಯ ಬಗ್ಗೆ ಬರೆದಿದ್ದರು, ಸೂರ್ಯಾಸ್ತದ ಬಗ್ಗೆ ಬರೆದಿದ್ದರು, ಗೂಟಗಳ ಬಗ್ಗೆ ಯಾರೂ ಬರೆದಿರಲಿಲ್ಲ. ಅಷ್ಟರಲ್ಲಿ ಡಾರ್ಕಸಳ ಎದೆ ಕಟ್ಟಿಕೊಳ್ಳತೊಡಗಿತ್ತು. ಅವಳಿಗೆ ಕೈಬರಹ ಓದಲು ಬರುತ್ತಿರಲಿಲ್ಲ, ಅಚ್ಚಿನ ಅಕ್ಷರವನ್ನು ಬೆರಳಿಟ್ಟು ಓದಬಲ್ಲಳು. ನಿಘಂಟಿಗೆ ಬಂತೇ ಎಂದು ತಿಂಗಳಿಗೊಮ್ಮೆ ಕೇಳುತ್ತಿದ್ದಳು. ಕೇಳುವ ರೀತಿಯಲ್ಲಿ ಹುಡುಗಾಟವಿರುತ್ತಿತ್ತು, ಕೇಳಿದ ಮೇಲೆ ಮಗಳ ಮುಖ ನೋಡುವುದರಲ್ಲಿ ಇರುತ್ತಿರಲಿಲ್ಲ.

ಏಳನೆಯ ವರ್ಷ ಬಂದರು ಸಮಿತಿಯವರು ದೋಣಿಮನೆಯ ಗೂಟಗಳನ್ನೆಲ್ಲ ತೆರವು ಮಾಡಿ, ಬೇಸಿಗೆಗೆ ಗಾಳಿ ಸೇವನೆಗೆ ಬರುವ ಪಟ್ಟಣದವರ ವಿಹಾರದ ದೋಣಿಗಳಿಗೆ ಜಾಗ ಮಾಡಬೇಕೆಂದು ಹೊರಟರು. ಸಮಿತಿಯ ಅಧ್ಯಕ್ಷರು ಊರಿನ ಪಾದ್ರಿ ಹ್ಯಾವಿಲ್. ಒಳ್ಳೆಯ ಮನುಷ್ಯ, ಯಾರ ಮೇಲೂ ದನಿ ಎತ್ತದವರು. ಡಾರ್ಕಸ್ ಕೆರಳಿದಳು. ಕೈಯಲ್ಲಿನ ಗಾಳ ಕೆಳಗಿಡದೆಯೇ, ಪಟ್ಟಣದ ವಾರಪತ್ರಿಕೆಗೆ ಕಾಗದ ಬರೆ ಎಂದು ಮಗಳಿಗೆ ಹೇಳಿದಳು, ತಾನು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕೆಂದೂ ತಾಕೀತು ಮಾಡಿದಳು.

"ಬರಿ. ನಾನು ನನ್ನ ಗಂಡನ್ನ ಮೂವತ್ತಾರು ವರ್ಷದಿಂದ ಹಿಡಿದಿದೀನಿ. ಬಿಡು ಅನ್ನೋಕೆ ಸಮಿತಿ ಯಾರು? ಹಿಡಿದೋಳಿಗೆ ಗೊತ್ತು ಯಾವಾಗ ಬಿಡಬೇಕು ಅಂತ."

ಥರ್ಜಾ ಬರೆದಳು, ಒಂದಕ್ಷರ ಕೂಡಿಸದೆ, ಕಳೆಯದೆ. ಅಚ್ಚಾದರೆ ಇದೇ ತಾನು ಹುಡುಕುತ್ತಿದ್ದ ಸಾಕ್ಷ್ಯವೆಂದು ಬರೆಯುವಾಗಲೇ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ 'ಸ್ಕಾರ್‌ವಿಕ್‌ನ ಒಬ್ಬ ಹೆಂಗಸು' ಎಂದು ಸಹಿ. ಮುಂದಿನ ಶುಕ್ರವಾರ ಅದು ಮೂರನೆಯ ಪುಟದಲ್ಲಿ, ಹಂದಿಗಳ ಪ್ರದರ್ಶನದ ಸುದ್ದಿಯ ಕೆಳಗೆ, ಅಚ್ಚಾಯಿತು. ಡಾರ್ಕಸ್ ಬೆರಳಿಟ್ಟು ಎರಡು ಸಲ ಓದಿದಳು. ಥರ್ಜಾ ಅದನ್ನು ಕತ್ತರಿಸಿ ಚೀಟಿಗೆ ಅಂಟಿಸಿ, ವರ್ಷ, ಪತ್ರಿಕೆ, ಪುಟ ನಮೂದಿಸಿ, ಕಂತೆಯಿಲ್ಲದ ಆ ಅರ್ಥಕ್ಕೆ ಒಂದೇ ಚೀಟಿಯ ಕಂತೆ ಮಾಡಿದಳು. ವಿವರಣೆಯನ್ನೂ ಬರೆದಳು: ಕಡಲಿನಲ್ಲಿ ಕಾಣೆಯಾದವನನ್ನು ಸತ್ತವರ ಲೆಕ್ಕಕ್ಕೆ ಸೇರಿಸಲು ನಿರಾಕರಿಸುವುದು. ನಿಯಮದಂತೆ ಚೀಟಿಯ ಮೂಲೆಯಲ್ಲಿ ಸಂಗ್ರಹಿಸಿದವರ ಹೆಸರು ಹಾಕಬೇಕು. ಹಾಕಿದಳು. ಆ ಕಂತೆಯನ್ನು ಮಾತ್ರ ಮುಂಗಡವಾಗಿ ಡಾಕ್ಟರರಿಗೆ ಕಳಿಸಿದಳು.

ಹದಿನೈದು ದಿನಕ್ಕೆ ಉತ್ತರ ಬಂತು. ಕಾಗದ ಬರೆದ ಹೆಂಗಸೂ ಸ್ಕಾರ್‌ವಿಕ್‌ನವಳು, ಚೀಟಿ ಕಳಿಸಿದವರೂ ಸ್ಕಾರ್‌ವಿಕ್‌ನವರು. ಮಿಸ್ ಪಿಕರಿಂಗ್‌ರಿಗೆ ಈ ಕಾಗದದ ಕರ್ತೃ ಯಾರೆಂದು ತಿಳಿದಿದೆಯೇ ಎಂದು ಡಾಕ್ಟರು ಕೇಳಿದ್ದರು. ಗೊತ್ತಿಲ್ಲ ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಅವಳಿಗೆ ಬರೆಯಲಾಗಲಿಲ್ಲ. ಅಮ್ಮನ ಮಾತು, ನನ್ನ ಕೈಬರಹ, ಮಾತು ನಿಜ, ಕೇಳಲು ಇಡೀ ಊರೇ ಇದೆ ಎಂದು ಅದೇ ದಿನದ ಟಪಾಲಿಗೆ ಹಾಕಿದಳು. ಪ್ರಾಮಾಣಿಕರ ಹತ್ತಿರ ಪ್ರಾಮಾಣಿಕವಾಗಿದ್ದರೆ ಸಾಕೆಂದು ನಂಬಿದ್ದಳು, ಪಾಪ.

ಡಾಕ್ಟರ್ ವೀಚ್ ಬೈಯಲಿಲ್ಲ. ಬೈದಿದ್ದರೆ ಅವಳೂ ತಿರುಗಿ ನಾಲ್ಕು ಮಾತು ಬರೆಯುತ್ತಿದ್ದಳೋ ಏನೋ. "ನಮ್ಮ ಕಾರ್ಯಕ್ಕಾಗಿಯೇ ಸಾಕ್ಷ್ಯವನ್ನು ಹುಟ್ಟಿಸಿದ್ದು ಉದ್ದೇಶದಲ್ಲಿ ಎಷ್ಟೇ ಮುಗ್ಧವಾಗಿದ್ದರೂ, ನಿಮ್ಮ ಕೈಯಿಂದ ಬಂದ ಪ್ರತಿಯೊಂದು ಚೀಟಿಯನ್ನೂ ನಾವು ಈಗ ಪುನಃ ಪರಿಶೀಲಿಸಬೇಕಾಗಿದೆ. ಅತ್ಯಂತ ವಿಷಾದದಿಂದ, ಎಲ್ಲ ಸಾಮಗ್ರಿಯನ್ನು ಹಿಂತಿರುಗಿಸುವಂತೆ ಕೋರುತ್ತೇನೆ." ಮುನ್ನುಡಿಯ ಮಾತನ್ನು ಅವರು ಎತ್ತಿರಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ.

ಗೋಣಿಚೀಲಗಳು ಬಂದ ಗಾಡಿಯಲ್ಲೇ ಹೋದವು, ಮೂರು ಬಂದದ್ದು ಐದಾಗಿ. ಮನೆ ಬರಿದಾಯಿತು. ಹಾಸಿಗೆ ಹಿಡಿದಿದ್ದ ಡಾರ್ಕಸ್ ಗಾಡಿಯ ಸದ್ದು ಕೇಳಿ, ಅಚ್ಚಿಗೆ ಹೋಯ್ತಾ ಎಂದಳು. ಹೋಯ್ತಮ್ಮ ಎಂದಳು ಥರ್ಜಾ. ನಂದೂ ಹೋಯ್ತಾ? ನಿಂದೂ ಹೋಯ್ತು. ಡಾಕ್ಟರರಿಗೆ ಹೇಳಲಾಗದ ಸುಳ್ಳನ್ನು ತಾಯಿಗೆ ಹೇಳಿದಳು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಡಾರ್ಕಸ್ ತೀರಿಕೊಂಡಾಗ ಥರ್ಜಾ ದೋಣಿಮನೆಗೆ ಹೋಗಿ ಅಪ್ಪನ ಕೋಟು ತಂದು ಪೆಟ್ಟಿಗೆಯಲ್ಲಿ ಹೊದಿಸಿದಳು. ಪಾದ್ರಿ ಹ್ಯಾವಿಲ್ ಬಹಳ ಮನಸ್ಸಿಗೆ ಹಚ್ಚಿಕೊಂಡರು. ಎಷ್ಟು ಹಚ್ಚಿಕೊಂಡರೆಂದರೆ, ಸಮಾಧಿಯ ಪಕ್ಕದಲ್ಲೇ ನಿಂತು ಕಿಸೆಯಿಂದ ಪುಟ್ಟ ಪುಸ್ತಕ ತೆಗೆದು ಏನೋ ಗುರುತು ಹಾಕಿಕೊಂಡರು.

ಆ ಗುರುತು ಮರುವರ್ಷ ಪುಸ್ತಕವಾಗಿ ಹೊರಬಂತು, ನಮ್ಮ ದಡದ ಜನರ ನಡೆನುಡಿ ಎಂಬ ಹೆಸರಿನಲ್ಲಿ, ಒಳ್ಳೆಯ ರಟ್ಟು ಹೊದಿಸಿಕೊಂಡು. ಥರ್ಜಾ ಅದನ್ನು ಓದಲಿಲ್ಲ. ಪುಸ್ತಕ ಓದುವ ಚಟವನ್ನೇ ಅವಳು ಬಿಟ್ಟಿದ್ದಳು.

ನಾಲ್ಕು ವರ್ಷದ ಮೇಲೆ ನಿಘಂಟಿನ ಆ ಭಾಗ ಪಟ್ಟಣದ ವಾಚನಾಲಯಕ್ಕೆ ಬಂದಿದೆಯೆಂದು ಕೇಳಿ, ಒಂದು ಶನಿವಾರ ಆರು ಮೈಲಿ ನಡೆದು ಹೋದಳು. ಹೋಗಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡೇ ಹೋದಳು. ಹೋಲ್ಡ್ ಹನ್ನೊಂದು ಪುಟ ತುಂಬಿತ್ತು. ಕಂತೆಗಳ ಕ್ರಮ ಅವಳದೇ, ವಿವರಣೆಗಳು ಅವಳವೇ, ಅಲ್ಪವಿರಾಮ ಕೂಡ ಕದಲಿರಲಿಲ್ಲ. ಉಸಿರು ಒಂದು ಕಡೆ, ನಾಲಿಗೆ ಒಂದು ಕಡೆ. ಅಂದರೆ ಪುನಃ ಪರಿಶೀಲಿಸಿದವರಿಗೆ ಒಂದೂ ತಪ್ಪು ಸಿಕ್ಕಿರಲಿಲ್ಲ. ಮುನ್ನುಡಿಯಲ್ಲಿ ಮೂರು ಕರ್ನಲ್‌ಗಳಿಗೂ ಒಂಬತ್ತು ಪಾದ್ರಿಗಳಿಗೂ ಕೃತಜ್ಞತೆ ಇತ್ತು. ಒಂಬತ್ತನೆಯವರು, ಕರಾವಳಿಯ ಬಳಕೆಗಳನ್ನು ಒದಗಿಸಿದ ರೆವರೆಂಡ್ ಹ್ಯಾವಿಲ್.

ಅವಳು ಪುಟ ತಿರುವಿ ಹುಡುಕಿದಳು. ಇತ್ತು. ಇಪ್ಪತ್ತೇಳನೆಯ ಅರ್ಥ: ಕಡಲಿನಲ್ಲಿ ಮೃತನಾದವನ ನೆನಪನ್ನು ಪ್ರೀತಿಯಿಂದ ಉಳಿಸಿಕೊಳ್ಳುವುದು. ಕೆಳಗೆ ಉದಾಹರಣೆ, ಪಾದ್ರಿಯ ಪುಸ್ತಕದಿಂದ: 'ನನ್ನ ಸಭೆಯ ಒಬ್ಬ ವೃದ್ಧೆ ಹೇಳಿದಂತೆ, ನಾನು ನನ್ನ ಗಂಡನ ನೆನಪನ್ನು ಮೂವತ್ತಾರು ವರ್ಷದಿಂದ ಹಿಡಿದಿದ್ದೇನೆ.'

ನೆನಪು ಎಂಬ ಪದವನ್ನು ಪಾದ್ರಿ ತಾವೇ ಸೇರಿಸಿದ್ದರು. ಕೆಟ್ಟದ್ದಕ್ಕಲ್ಲ. ಒರಟು ವಾಕ್ಯ, ಓದುವವರಿಗೆ ತಿಳಿಯಲಿ ಎಂದು ಕೊಂಚ ತಿದ್ದಿದ್ದರು, ಅಷ್ಟೇ. ಡಾರ್ಕಸ್ ಮೂವತ್ತಾರು ವರ್ಷ ಯಾವ ಮಾತನ್ನು ಒಪ್ಪಲಿಲ್ಲವೋ ಆ ಮಾತನ್ನೇ ಅವಳ ಬಾಯಿಗೆ ಹಾಕಿ ಅಚ್ಚು ಹಾಕಿಸಿದ್ದರು. ಥರ್ಜಾಳಿಗೆ ತನ್ನ ಹೆಸರು ಹೋದದ್ದಕ್ಕೆ ಅಳು ಬಂದಿರಲಿಲ್ಲ. ಇದಕ್ಕೆ ಬಂತು. ವಾಚನಾಲಯದವನು ನೀರು ಬೇಕೇ ಎಂದು ಕೇಳಿದ.

ಅವಳು ಡಾಕ್ಟರ್ ವೀಚರಿಗೆ ಕೊನೆಯ ಕಾಗದ ಬರೆದಳು. ಅಚ್ಚಾದ ಕಾರ್ಡೊಂದು ಬಂತು: ತಿದ್ದುಪಡಿಗಳನ್ನು ಮುದ್ರಿತ ಸಾಕ್ಷ್ಯದೊಡನೆ ಮಾತ್ರ ಪರಿಗಣಿಸಲಾಗುವುದು.

ಆ ನವೆಂಬರಿನ ಗಾಳಿಗೆ ಸ್ಕಾರ್‌ವಿಕ್‌ನ ಒಂದು ದೋಣಿ ಮೂವರೊಡನೆ ಮುಳುಗಿತು. ಎರಡು ಹೆಣ ದಡಕ್ಕೆ ಬಂದವು. ಜೇಬೆಜ್ ಎಂಬವನದು ಬರಲಿಲ್ಲ. ಅವನ ಹೆಂಡತಿ ಮರ್ಸಿಗೆ ಇಪ್ಪತ್ತೆರಡು, ಥರ್ಜಾಳ ಕೈಕೆಳಗೆ ಅಕ್ಷರ ಕಲಿತವಳು. ಕಪ್ಪು ಉಡದೆ, ಕೋಟು ತೂಗುಹಾಕಿ ಬಂದಳು. ಡಾರ್ಕಸಳ ಕಾಗದದಿಂದ ನಾಚಿ ಹಿಂದೆ ಸರಿದಿದ್ದ ಸಮಿತಿಯವರಿಗೆ ಈಗ ಆ ಒಂದೇ ಗೂಟ ಅಡ್ಡವಾಗಿತ್ತು, ಉಳಿದವರೆಲ್ಲ ಬಿಟ್ಟಿದ್ದರು. ಪಾದ್ರಿ ಹ್ಯಾವಿಲ್ ಅವಳ ಮನೆಗೆ ಹೋಗಿ, ಕೈ ಹಿಡಿದು ಪ್ರಾರ್ಥನೆ ಮಾಡಿ, ತಮಗೆ ಗೌರವಪ್ರತಿಯಾಗಿ ಬಂದಿದ್ದ ನಿಘಂಟನ್ನು ತೆರೆದು ತೋರಿಸಿದರು. ನೋಡು ಮಗಳೇ, ಹಿಡಿಯುವುದೆಂದರೆ ನೆನಪು, ಅದಕ್ಕೆ ಎದೆ ಸಾಕು, ಗೂಟ ಯಾಕೆ ಎಂದರು. ಚರ್ಚಿನ ಗೋಡೆಯಲ್ಲಿ ಅವನ ಹೆಸರಿನ ಕಲ್ಲು ಹಾಕಿಸುವುದಾಗಿಯೂ ಮಾತು ಕೊಟ್ಟರು.

ಮರುದಿನ ಶಾಲೆ ಶುರುವಾಗುವ ಮೊದಲೇ ಮರ್ಸಿ ಬಾಗಿಲಲ್ಲಿ ನಿಂತಿದ್ದಳು. ಥರ್ಜಾ ಅವಳನ್ನು ಕೂರಿಸಿ ಎಲ್ಲವನ್ನೂ ಹೇಳಿದಳು, ಅಮ್ಮ ಹೇಳಿದ್ದು ಏನು, ಪಾದ್ರಿ ಕೂಡಿಸಿದ್ದು ಏನು, ಕಾಗದ ಎಲ್ಲಿ ಬಂದಿತ್ತು, ಚೀಟಿ ಎಲ್ಲಿ ಹೋಯಿತು. ಏಳು ವರ್ಷದ ಕೆಲಸ ಒಬ್ಬಳಿಗಾದರೂ ಉಪಯೋಗಕ್ಕೆ ಬರಲಿ ಎಂದು, ಯಾರೆದುರೂ ಆಡದಷ್ಟು ಮಾತಾಡಿದಳು. ಮರ್ಸಿ ತಲೆ ತಗ್ಗಿಸಿ ಕೇಳಿಸಿಕೊಂಡಳು.

"ನೀನು ಇಳಿಸಬೇಡ," ಎಂದಳು ಥರ್ಜಾ. "ಆ ಪುಸ್ತಕದಲ್ಲಿರೋದು ತಪ್ಪು."

"ಅಷ್ಟು ದೊಡ್ಡ ಪುಸ್ತಕದಲ್ಲಿ ಹೆಂಗೆ ಮಿಸ್ ತಪ್ಪು ಇರುತ್ತೆ?" ಮರ್ಸಿಯ ದನಿಯಲ್ಲಿ ವಾದವಿರಲಿಲ್ಲ, ದಣಿವಿತ್ತು. "ಒಂದು ಪದದ ಮೇಲೆ ಅನುಮಾನ ಬಂದ್ರೆ ಜನರನ್ನ ಕೇಳಬೇಡಿ, ನಿಘಂಟು ನೋಡಿ ಅಂತ ನೀವೇ ಅಲ್ವಾ ನಮಗೆ ಹೇಳಿಕೊಟ್ಟಿದ್ದು."

ಅವಳು ಎದ್ದು ಹೋದಳು. ಹತ್ತು ಗಂಟೆಯ ಹೊತ್ತಿಗೆ, ಮಕ್ಕಳು ಹಲಗೆಯ ಮೇಲೆ ಅಕ್ಷರ ತಿದ್ದುತ್ತಿರುವಾಗ, ಚರ್ಚಿನ ಗಂಟೆ ಶುರುವಾಯಿತು, ಸತ್ತವನ ವಯಸ್ಸಿಗೆ ವರ್ಷಕ್ಕೊಂದರಂತೆ. ಮಕ್ಕಳಿಗೆ ಎಣಿಕೆ ಹೊಸದಾಗಿ ಬಂದಿತ್ತು, ಒಕ್ಕೊರಲಿನಿಂದ ಎಣಿಸತೊಡಗಿದರು. ಇಪ್ಪತ್ತರ ಮುಂದೆ ಅವರು ತಡವರಿಸಿದಾಗ ಉಳಿದ ನಾಲ್ಕನ್ನು ಥರ್ಜಾಳೇ ಹೇಳಿಕೊಟ್ಟಳು.